‘ಕರ್ನಾಟಕಿ’ ಎಂಬ ಅಡ್ಡಹೆಸರು

ಹೋದ ವರ್ಷ ಎಂಟನೆಯ ಇಯತ್ತೆಯ ವಿದ್ಯಾರ್ಥಿಯೊಬ್ಬನು ನಮ್ಮ ಬಳಿಗೆ ಬಂದು ಒಂದು ಪ್ರಶ್ನೆಯನ್ನು ಕೇಳಿದನು. ಅವನ ಅಜ್ಜನು ಹಳೆಯ ಚಲಚ್ಚಿತ್ರಗಳ ಅಭಿಮಾನಿ. ಅಜ್ಜನ ಬಾಯಿಂದ ಅವನು ಮಾಸ್ಟರ್ ವಿನಾಯಕ ಕರ್ನಾಟಕಿ, ಅಮೀರಬಾಯಿ ಕರ್ನಾಟಕಿ ಎಂಬ ಎರಡು ಹೆಸರುಗಳನ್ನು ಕೇಳಿದ್ದನು. “ಗುರುಗಳೇ, ನಮ್ಮ ಶಾಲೆಯಲ್ಲಿ ನಾವೆಲ್ಲರೂ ಕನ್ನಡಿಗರೇ ಆಗಿದ್ದೇವೆ. ಆದರೆ ಒಬ್ಬರ ಅಡ್ಡಹೆಸರೂ ಕರ್ನಾಟಕಿ ಎಂದಿಲ್ಲ. ನಮ್ಮ ಊರಿಗೆ ಹೋದಾಗಲೂ ಆ ಹೆಸರಿನವರನ್ನು ನಾನು ಕಂಡಿಲ್ಲ. ಹಾಗಾದರೆ ಆ ಹೆಸರು ಎಲ್ಲಿಂದ ಬಂದಿತು?” ಎಂಬುದು ಅವನ ಪ್ರಶ್ನೆ. ಆ ಕ್ಷಣದಲ್ಲಿ ನಾವು ಅವನಿಗೆ ಕೊಟ್ಟ ಉತ್ತರವು ನಮಗೇ ಸಮಾಧಾನಕರವಾಗಿರಲಿಲ್ಲ. ಆದುದರಿಂದ ಆ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಇಲ್ಲಿ ವಿವೇಚಿಸುವವರಿದ್ದೇವೆ.

ಮೊದಲು ‘ಅಡ್ಡಹೆಸರು’ ಎಂಬ ಶಬ್ದದ ಅರ್ಥವನ್ನೇ ನಿಶ್ಚಯಿಸಿಕೊಳ್ಳುವುದು ಲೇಸು. ಧಾರವಾಡ, ಬೆಳಗಾವಿ, ವಿಜಯಪುರಗಳ ಕಡೆಯವರು ಮನೆತನದ ಹೆಸರಿಗೆ ಅಡ್ಡಹೆಸರೆನ್ನುತ್ತಾರೆ. ಮೈಸೂರಿನ ಕಡೆಯ ಮಿತ್ರರಿಗೆ ಅದೇ ಮಾತು ಗೆಳೆಯರು ಹಾಸ್ಯಕ್ಕಾಗಿ ಇಟ್ಟ ಹೆಸರೆಂದು ತೋರುತ್ತದೆ. ಮರಾಠಿಯಲ್ಲಿ ಮನೆತನದ ಹೆಸರಿಗೆ ‘ಆಡನಾವ’ ಎನ್ನುವರು. ‘ಆಡ’ ಎಂದರೆ ಅಡ್ಡ, ‘ನಾವ’ ಎಂದರೆ ಹೆಸರು. ಎರಡು ಭಾಷೆಗಳೂ ಒಂದೇ ಅಚ್ಚಿನಲ್ಲಿ ಶಬ್ದವನ್ನು ಎರಕ ಹೊಯ್ದಿವೆ. ನೆರೆಹೊರೆಯ ಸಹವಾಸವೆಂದರೆ ಇದು! ಈ ಲೇಖನದಲ್ಲಿ ನಾವು ಉತ್ತರದವರ ಅರ್ಥದಲ್ಲಿಯೇ ಆ ಶಬ್ದವನ್ನು ಬಳಸುತ್ತೇವೆ.

ಇನ್ನು ‘ಕರ್ನಾಟಕಿ’ ಎಂಬುದರ ರಚನೆ ಕಠಿನವಾದುದೇನೂ ಅಲ್ಲ. ಕರ್ನಾಟಕವೆಂಬ ನಾಡಿನ ಹೆಸರಿಗೆ ‘ಅದಕ್ಕೆ ಸಂಬಂಧಿಸಿದ’ ಎಂಬರ್ಥದ ಇಕಾರವು ಹತ್ತಿದೆ. ಬಂಗಾಲಿ, ಪಂಜಾಬಿ, ಗುಜರಾತಿ ಎನ್ನುವಲ್ಲಿ ಇರುವ ಪ್ರತ್ಯಯವೇ ಇದು. ಇದು ಕನ್ನಡದ ಪ್ರತ್ಯಯವಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕನ್ನಡದಲ್ಲಿ ನಾವು ನಮ್ಮನ್ನು ಕನ್ನಡಿಗರೆಂದು ಕರೆದುಕೊಳ್ಳುತ್ತೇವೆಯೇ ಹೊರತು ಕರ್ನಾಟಕಿಗಳೆಂದು ಕರೆದುಕೊಳ್ಳುವುದಿಲ್ಲ. ಅಂದ ಮೇಲೆ ಈ ಹೆಸರು ನಮ್ಮವರ ಬಾಯಲ್ಲಿ ಹುಟ್ಟಿದುದಲ್ಲ. ನಮ್ಮನ್ನು ಹೊರಗಿನಿಂದ ನೋಡಿದವರ ಬಾಯಲ್ಲಿ ಹುಟ್ಟಿದುದು. ವಿದ್ಯಾರ್ಥಿಯ ಪ್ರಶ್ನೆಗೆ ಅರ್ಧ ಉತ್ತರವು ಇದರಲ್ಲಿಯೇ ಅಡಗಿದೆ.

ಉಳಿದರ್ಧವನ್ನು ನಮಗೆ ಹೇಳಿಕೊಟ್ಟವನು ಬೇರೊಬ್ಬ ಹುಡುಗ. ಅವನ ಅಡ್ಡಹೆಸರು ಇಂಡಿ. ವಿಜಯಪುರ ಜಿಲ್ಲೆಯ ಇಂಡಿಯು ನಿಂಬೆಯ ತೋಟಗಳಿಗೆ ಹೆಸರಾದ ಊರು. ಬೇಸಗೆಯ ರಜೆಯಲ್ಲಿ ಅವನು ಸಂಬಂಧಿಕರೊಡನೆ ಆ ಊರಿಗೆ ಹೋದಾಗ, ಇಲ್ಲಿ ಇಂಡಿ ಎಂಬ ಅಡ್ಡಹೆಸರಿನವರು ಎಷ್ಟು ಮನೆಗಳಿದ್ದಾರೆಂದು ಒಬ್ಬ ವೃದ್ಧರನ್ನು ಕೇಳಿದನಂತೆ. ಅವರು ನಕ್ಕು, “ಇಲ್ಲಿ ಎಲ್ಲಾರೂ ಇಂಡಿಯವರೇ ಅದಾರಲ್ಲೋ ತಮ್ಮಾ, ಯಾರನ್ನಂತ ಇಂಡಿ ಅನ್ನೂದು?” ಎಂದರಂತೆ. ಆ ಹಿರಿಯರು ಒಂದೇ ಮಾತಿನಲ್ಲಿ ನಾಮಶಾಸ್ತ್ರದ ಒಂದು ನಿಯಮವನ್ನೇ ಹೇಳಿಬಿಟ್ಟರು. ಹೆಸರಿನ ಕೆಲಸ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಿ ತೋರಿಸುವುದು. ಊರಿನಲ್ಲಿ ಊರಿನ ಹೆಸರು ಆ ಕೆಲಸವನ್ನು ಮಾಡಲಾರದು. ಮನೆಯವನು ಊರು ಬಿಟ್ಟು ಬೇರೆಡೆಗೆ ಬಂದು ನೆಲಸಿದಾಗಲೇ ‘ಇಂಡಿಯ ರಾಮಣ್ಣ’ ಎಂಬುದಕ್ಕೆ ಅರ್ಥವುಂಟು. ಊರಿನಿಂದ ಹುಟ್ಟಿದ ಅಡ್ಡಹೆಸರು ಆ ಊರಿನಲ್ಲಿಯೇ ಅತ್ಯಂತ ವಿರಳವಾಗಿರುವುದಕ್ಕೆ ಇದೇ ಕಾರಣ.

ವಿನಾಯಕ ಕೃಷ್ಣ ಗೋಕಾಕರ ಉದಾಹರಣೆಯನ್ನು ನೋಡಿರಿ. 1990ನೆಯ ವರ್ಷದ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ ಈ ಕವಿಗಳು ನಮ್ಮ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದವರು. ಗೋಕಾಕವು ಬೆಳಗಾವಿ ಜಿಲ್ಲೆಯ ಊರು, ಘಟಪ್ರಭೆಯ ಜಲಪಾತಕ್ಕೆ ಪ್ರಸಿದ್ಧವಾದುದು. ಆದರೆ ಕವಿಗಳು 1909ರಲ್ಲಿ ಹುಟ್ಟಿದುದು ಗೋಕಾಕದಲ್ಲಲ್ಲ, ಈಗಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ. ಹುಟ್ಟಿದ ಊರಿಗೂ ಹೆಸರಿನ ಊರಿಗೂ ಇರುವ ಈ ದೂರವೇ ಹಿಂದಿನವರು ನಡೆದು ಬಂದ ದಾರಿಯ ಗುರುತು. ಗಂಗೂಬಾಯಿ ಹಾನಗಲ್ ಅವರೂ ಹಾಗೆಯೇ. ಹೆಸರು ಹಾನಗಲ್ಲಿನದು, ಜನನ ಧಾರವಾಡದಲ್ಲಿ, ಬಾಳಿ ಬೆಳಗಿದುದು ಹುಬ್ಬಳ್ಳಿಯಲ್ಲಿ.

ಗೋಕಾಕ, ಹಾನಗಲ್, ಮನ್ಸೂರ, ಇಂಡಿ ಎಂಬಲ್ಲೆಲ್ಲ ಊರಿನ ಹೆಸರಿಗೆ ಯಾವ ಬಾಲವೂ ಇಲ್ಲ. ಕನ್ನಡದ ಕ್ರಮ ಇದು. ಮರಾಠಿಯವರು ಊರಿನ ಮುಂದೆ ‘ಕರ’ ಎಂಬುದನ್ನು ಸೇರಿಸುತ್ತಾರೆ. ಎರಡು ಕ್ರಮಗಳೂ ಒಬ್ಬ ವ್ಯಕ್ತಿಯಲ್ಲಿ ಒಂದುಗೂಡಿದುದನ್ನು ನೋಡಬೇಕಾದರೆ ನಾವು ಪುಣೆಯನ್ನು ಬಿಟ್ಟು ದೂರ ಹೋಗಬೇಕಾಗಿಲ್ಲ. 1953ರಲ್ಲಿ ಪ್ರಾರಂಭವಾದ ಸವಾಯಿ ಗಂಧರ್ವ ಸಂಗೀತೋತ್ಸವವನ್ನು ಅರಿಯದ ಪುಣೇಕರರಿಲ್ಲ. ಯಾರ ನೆನಪಿಗಾಗಿ ಭೀಮಸೇನ ಜೋಶಿಯವರು ಅದನ್ನು ನಡೆಸುತ್ತ ಬಂದರೋ ಆ ಗುರುಗಳ ಪೂರ್ಣ ನಾಮಧೇಯ ರಾಮಚಂದ್ರ ಗಣೇಶ ಕುಂದಗೋಳಕರ ಸೌಂಶಿ. ಅವರು 1886ರಲ್ಲಿ ಧಾರವಾಡ ಸೀಮೆಯ ಕುಂದಗೋಳದಲ್ಲಿ ಜನಿಸಿದರು. 1952ರಲ್ಲಿ ಪುಣೆಯಲ್ಲಿ ದೇಹವಿಟ್ಟರು. ಸೌಂಶಿ ಎಂಬುದು ಕುಂದಗೋಳಕ್ಕೆ ಸಮೀಪದ ಹಳ್ಳಿ. ಕನ್ನಡದಲ್ಲಿ ನಾವು ಅದನ್ನು ಸಂಶಿ ಎನ್ನುತ್ತೇವೆ. ಬಾಲವಿಲ್ಲದ ಸೌಂಶಿಯು ಕುಂದಗೋಳದ ಜನರಿಗೆ ಸಾಕಾಗಿತ್ತು, ಏಕೆಂದರೆ ಅವರಿಗೆ ಆ ಹಳ್ಳಿ ಗೊತ್ತು. ಮರಾಠಿ ರಂಗಭೂಮಿಯ ಪ್ರೇಕ್ಷಕರಿಗೆ ಸೌಂಶಿ ಎಲ್ಲಿಯದೆಂದು ತಿಳಿಯುವ ಸಂಭವವಿರಲಿಲ್ಲ; ಅವರಿಗೆ ರಾಮಭಾವು ಕುಂದಗೋಳದಿಂದ ಬಂದ ಹಾಡುಗಾರ, ಆದುದರಿಂದ ಕುಂದಗೋಳಕರ. ಹೊರಟ ಊರು ದೂರವಾದಷ್ಟೂ ಹೆಸರಿನ ವ್ಯಾಪ್ತಿ ಹಿರಿದಾಗುತ್ತ ಹೋಗುವುದನ್ನು ಇಲ್ಲಿ ಕಾಣಬಹುದು: ನೆರೆಯ ಊರಿನಲ್ಲಿ ಹಳ್ಳಿಯ ಹೆಸರು, ನೆರೆಯ ಪ್ರಾಂತದಲ್ಲಿ ಪಟ್ಟಣದ ಹೆಸರು. ಇನ್ನೂ ಅಪರಿಚಿತವಾದ ಕಡೆಗೆ ಹೋದರೆ ಇಡೀ ನಾಡಿನ ಹೆಸರು.

‘ಕರ್ನಾಟಕಿ’ಯು ಈ ಮೂರನೆಯ ಬಗೆಗೆ ಸೇರಿದುದು. ಅಮೀರಬಾಯಿಯವರ ವಿಷಯದಲ್ಲಿ ಇದು ಸ್ಪಷ್ಟವಾಗಿದೆ. ಅವರು ಬೀಳಗಿಯವರು. ಬೀಳಗಿಯು ಆಗ ಬಿಜಾಪುರ ಜಿಲ್ಲೆಯಲ್ಲಿತ್ತು; 1997ರಲ್ಲಿ ಬಾಗಲಕೋಟೆಯು ಜಿಲ್ಲೆಯಾದಂದಿನಿಂದ ಅದರಲ್ಲಿದೆ. ಕನ್ನಡನಾಡಿನಲ್ಲಿಯೇ ಉಳಿದಿದ್ದರೆ ಅವರನ್ನು ಬಹುಶಃ ಬೀಳಗಿಯ ಅಮೀರಬಾಯಿ ಎನ್ನುತ್ತಿದ್ದರು. ಮುಂಬಯಿಯ ಸಿನೇಮಾ ಜಗತ್ತಿನಲ್ಲಿ ಬೀಳಗಿಯನ್ನು ಬಲ್ಲವರಾರು? 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದ ಗಾಯಕಿಯು ಅಮೀರಬಾಯಿ ಕರ್ನಾಟಕಿಯಾಗಿಯೇ ಪರಿಚಿತರಾದರು. ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ಪಾತ್ರವಹಿಸಿದ ಅವರ ಸಹೋದರಿ ಗೋಹರಬಾಯಿಯವರೂ ಇದೇ ಹೆಸರನ್ನು ಹೊತ್ತರು. ಕಲಾವಿದರು ನಾಡಿನ ಹೆಸರನ್ನು ಹೀಗೆ ಧರಿಸುವುದು ಒಂದು ಬಗೆಯ ಬಿರುದೇ ಸರಿ.

ಮಾಸ್ಟರ್ ವಿನಾಯಕರದು ಬೇರೆ ಬಗೆ. ಅವರು 1906ರಲ್ಲಿ ಕೊಲ್ಹಾಪುರದಲ್ಲಿ ಜನಿಸಿದ ಮರಾಠಿ ನಟ ನಿರ್ದೇಶಕರು. ‘ಬ್ರಹ್ಮಚಾರಿ’ (1938), ‘ಬ್ರ್ಯಾಂಡೀಚೀ ಬಾಟ್ಲೀ’ (1939) ಮೊದಲಾದ ಮರಾಠಿ ವಿನೋದ ಚಿತ್ರಗಳು ಅವರವು. ಛಾಯಾಗ್ರಾಹಕರಾದ ವಾಸುದೇವ ಕರ್ನಾಟಕಿಯವರು ಅವರ ಸಹೋದರರು. ಹಿಂದಿ ಚಿತ್ರಗಳ ನಟಿ ನಂದಾ (1939–2014) ಅವರ ಮಗಳು. ಇಲ್ಲಿ ಹೆಸರು ಬಿರುದಲ್ಲ, ತಂದೆಯಿಂದ ಮಕ್ಕಳಿಗೆ ಇಳಿದು ಬಂದ ಮನೆತನದ ಸ್ವತ್ತು. ಮನೆಮಾತು ಮರಾಠಿಯಾದರೂ ಹೆಸರು ಕರ್ನಾಟಕಿಯಾಗಿಯೇ ಉಳಿಯಿತು. ಹೆಸರಿನ ಸ್ವಭಾವವೇ ಹೀಗೆ. ಮಾತು ಬದಲಾದ ಎಷ್ಟೋ ಕಾಲದ ಮೇಲೂ ಅದು ಹಳೆಯ ಪೆಟ್ಟಿಗೆಯ ಮೇಲಿನ ಚೀಟಿಯಂತೆ ಅಂಟಿಕೊಂಡಿರುತ್ತದೆ. ಇನ್ನೂ ಒಂದು ಸ್ವಾರಸ್ಯವುಂಟು. ಮಾಸ್ಟರ್ ವಿನಾಯಕರು 1947ರಲ್ಲಿ ತೀರಿಕೊಂಡರು. ಕನ್ನಡದ ಪ್ರದೇಶಗಳು ಒಂದಾದುದು 1956ರ ನವೆಂಬರ್ 1ರಂದು. ಆ ರಾಜ್ಯಕ್ಕೆ ಮೈಸೂರು ಎಂಬುದನ್ನು ಬಿಟ್ಟು ಕರ್ನಾಟಕವೆಂಬ ಹೆಸರು ಬಂದುದು 1973ರ ನವೆಂಬರ್ 1ರಂದು. ರಾಜ್ಯಕ್ಕೆ ಬರುವ ಎಷ್ಟೋ ಮುಂಚೆಯೇ ಆ ಹೆಸರು ಕೊಲ್ಹಾಪುರದ ಒಂದು ಮನೆಗೆ ಬಂದಿತ್ತು!

ಪ್ರಸಂಗವಶಾತ್ ಒಂದು ಮಾತು. 1942ರಲ್ಲಿ ದೀನಾನಾಥ ಮಂಗೇಶಕರರು ಪುಣೆಯಲ್ಲಿ ಅಕಾಲಮರಣಕ್ಕೀಡಾದಾಗ ಅವರ ಮಕ್ಕಳಿಗೆ ಆಸರೆಯಾಗಿ ನಿಂತವರು ಇದೇ ಮಾಸ್ಟರ್ ವಿನಾಯಕರು. ಮಂಗೇಶಕರ ಎಂಬುದು ಗೋವೆಯ ಮಂಗೇಶಿ ಎಂಬ ಊರಿನಿಂದ ದೀನಾನಾಥರು ತಾವಾಗಿಯೇ ಮಾಡಿಕೊಂಡ ಹೆಸರು. ಒಬ್ಬರದು ಹಿಂದಿನವರಿಂದ ಬಂದ ಹೆಸರು, ಇನ್ನೊಬ್ಬರದು ತಾವೇ ಆಯ್ದುಕೊಂಡ ಹೆಸರು. ಎರಡೂ ನೆಲದ ಹೆಸರುಗಳೇ.

ಆದರೆ ಕರ್ನಾಟಕಿ ಎಂಬ ಹೆಸರನ್ನು ಕಂಡೊಡನೆ ಇವರ ಹಿಂದಿನವರು ಧಾರವಾಡದವರು, ಮೈಸೂರಿನವರು ಎಂದು ಬೆರಳು ಮಾಡಿ ತೋರಿಸಲಾಗದು. ಏಕೆಂದರೆ ‘ಕರ್ನಾಟಕ’ ಎಂಬುದರ ಮೇರೆ ಎಲ್ಲ ಕಾಲದಲ್ಲಿಯೂ ಒಂದೇ ಆಗಿರಲಿಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದುದೆಂದು ವರ್ಣಿಸಿದೆ. ಜ್ಞಾನೇಶ್ವರರು 1296ರಲ್ಲಿ ಸಮಾಧಿಸ್ಥರಾದ ಆಳಂದಿಯು ಪುಣೆಯ ಬಳಿಯಲ್ಲಿಯೇ ಇದೆ. ಅವರ ಹೆಸರಿನಲ್ಲಿರುವ ಅಭಂಗವೊಂದು ಪಂಢರಪುರದ ವಿಠ್ಠಲನನ್ನೇ ಕನ್ನಡಿಗನೆಂದು ಕರೆಯುತ್ತದೆ. ಹದಿನೇಳನೆಯ ಶತಮಾನಕ್ಕೆ ಬಂದರೆ ಅರ್ಥವು ದಕ್ಷಿಣಕ್ಕೆ ಸರಿಯುತ್ತದೆ. 1677ರಲ್ಲಿ ಶಿವಾಜಿ ಮಹಾರಾಜರು ಜಿಂಜಿಯನ್ನು ಗೆದ್ದ ದಂಡಯಾತ್ರೆಯನ್ನು ಇತಿಹಾಸಕಾರರು ಕರ್ನಾಟಕದ ದಂಡಯಾತ್ರೆಯೆನ್ನುತ್ತಾರೆ; ಜಿಂಜಿ ಇರುವುದು ತಮಿಳುನಾಡಿನಲ್ಲಿ! ವಿಜಯನಗರದ ಅರಸರು ಆಳಿದ ಸೀಮೆಯೆಲ್ಲವೂ ಕರ್ನಾಟಕವೆನಿಸಿ, ಆ ಹೆಸರು ಕೊನೆಗೆ ಆರ್ಕಾಟಿನ ನವಾಬರ ಪ್ರದೇಶಕ್ಕೂ ಅಂಟಿಕೊಂಡಿತು. ಆದುದರಿಂದ ಪೇಶವೆಯರ ಕಾಲದ ಪುಣೆಯಲ್ಲಿ ಒಬ್ಬನನ್ನು ಕರ್ನಾಟಕಿಯೆಂದರೆ ಅವನು ಕನ್ನಡಿಗನಿರಬಹುದು. ತಂಜಾವೂರಿನಿಂದ ಬಂದವನೂ ಇರಬಹುದು. ಹೆಸರಿನ ಅರ್ಥವನ್ನು ಹೇಳುವ ಮುನ್ನ ಅದು ಯಾವ ಕಾಲದಲ್ಲಿ ಇಟ್ಟುದೆಂಬುದನ್ನು ತಿಳಿಯಬೇಕಾಗುತ್ತದೆ.

ಕರ್ನಾಟಕಿಗೆ ಒಬ್ಬ ತಮ್ಮನಿದ್ದಾನೆ. ಅವನ ಹೆಸರು ಕಾನಡೆ. ಕನ್ನಡ ಎಂಬುದರ ಮರಾಠಿ ರೂಪ ‘ಕಾನಡೀ’. ದರಬಾರಿ ಕಾನಡಾ ಎಂಬ ರಾಗದ ಹೆಸರಿನಲ್ಲಿಯೂ ಇದೇ ಶಬ್ದವಿದೆ. ಮರಾಠಿಯಲ್ಲಿ ಕಾನಡಾ ಎಂದರೆ ತಿಳಿಯಲಾಗದ, ಗೂಢವಾದ ಎಂಬ ಅರ್ಥವೂ ಉಂಟು. ನಮ್ಮ ಭಾಷೆ ಅವರಿಗೆ ತಿಳಿಯದಿದ್ದುದರ ಫಲವಿದು, ಅದಕ್ಕಾಗಿ ಕೋಪಿಸಿಕೊಳ್ಳಬೇಕಾಗಿಲ್ಲ. ಕಾನಡೆಗಳು ಕರ್ನಾಟಕಿಗಳಷ್ಟು ವಿರಳರಲ್ಲ.

ಅಪರೂಪದ ಹೆಸರುಗಳನ್ನು ಹುಡುಕುವವರನ್ನು ಮೋಸಗೊಳಿಸುವ ತದ್ರೂಪಿಗಳೂ ಇವೆ. ಕಾರ್ನಾಡ ಎಂಬುದನ್ನು ಕೇಳಿದೊಡನೆ ಕರ್ನಾಟವೆಂದು ತೋರುತ್ತದೆ. ಆದರೆ ಅದು ದಕ್ಷಿಣ ಕನ್ನಡದ ಮೂಲ್ಕಿಯ ಬಳಿಯ ಊರು. 1974–75ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಗಿರೀಶ ಕಾರ್ನಾಡರ ಹೆಸರು ಅಲ್ಲಿಂದ ಬಂದುದು. ಮರಾಠವಾಡದಲ್ಲಿ, ವೇರೂಳದ ಗುಹೆಗಳಿಗೆ ಅನತಿದೂರದಲ್ಲಿ, ಕನ್ನಡ ಎಂಬ ತಾಲ್ಲೂಕಿನ ಊರಿದೆ. ಕನ್ನಡಕರ ಎಂಬವರು ಸಿಕ್ಕರೆ ನಮ್ಮ ಬಂಧುಗಳೆಂದು ಆಲಿಂಗಿಸುವ ಮುನ್ನ ಯಾವ ಕನ್ನಡವೆಂದು ಕೇಳಬೇಕು. ಇವೆಲ್ಲಕ್ಕಿಂತ ವಿನೋದದ ಸಂಗತಿಯೆಂದರೆ, ಗಣಕಯಂತ್ರಗಳಿಗೆ ದೃಷ್ಟಿಯನ್ನು ಕಲಿಸುವ ಶಾಸ್ತ್ರದಲ್ಲಿ ಪ್ರಖ್ಯಾತರಾದ ತಾಕೆಯೊ ಕನಾಡೆ ಎಂಬವರು ಜಪಾನಿನವರು. ರೋಮನ್ ಲಿಪಿಯಲ್ಲಿ ಅವರ ಹೆಸರಿಗೂ ಪುಣೆಯ ಕಾನಡೆಯವರ ಹೆಸರಿಗೂ ಒಂದಕ್ಷರದ ವ್ಯತ್ಯಾಸವಿಲ್ಲ. ಪುಣೆಯ ಕಾನಡೆಯವರಿಗೆ ಮೊದಲಕ್ಷರ ದೀರ್ಘ. ಅವರ ಮೂರ್ಧನ್ಯ ಡಕಾರವೂ ಜಪಾನೀ ಭಾಷೆಯಲ್ಲಿ ಇಲ್ಲ. ರೋಮನ್ ಲಿಪಿ ಈ ಎರಡನ್ನೂ ನುಂಗಿಬಿಡುತ್ತದೆ. ಇಂಗ್ಲಿಷ್ ಪಟ್ಟಿಗಳಿಂದ ಹೆಸರುಗಳನ್ನು ಎಣಿಸುವವರು ಇದನ್ನು ಮರೆಯಲಾಗದು.

ಈ ನಿಯಮ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಜರ್ಮನಿಯಲ್ಲಿ ಬಾಯರ್ ಎಂಬ ಅಡ್ಡಹೆಸರಿನ ಒಂದು ಮೂಲ ಬವೇರಿಯಾದಿಂದ ಬಂದವನು ಎಂಬುದು; ಶ್ವಾಬ್ ಎಂದರೆ ಶ್ವಾಬಿಯಾದವನು; ಬ್ಯೋಮ್ ಎಂದರೆ ಬೊಹೇಮಿಯಾದವನು. ಇವು ಆಯಾ ನಾಡನ್ನು ಬಿಟ್ಟು ಹೊರಗೆ ನೆಲಸಿದವರಿಗೆ ನೆರೆಯವರು ಇಟ್ಟ ಹೆಸರುಗಳು. (ನಮ್ಮ ಕಾಸರಗೋಡಿನ ಮಂಜೇಶ್ವರ ತಾಲ್ಲೂಕಿನಲ್ಲಿ ಬಾಯಾರು ಎಂಬ ಊರಿದೆ. ಅದಕ್ಕೂ ಜರ್ಮನಿಯ ಬಾಯರರಿಗೂ ನಂಟಿಲ್ಲವೆಂದು ಹೇಳಬೇಕಾಗಿಲ್ಲವಷ್ಟೆ.) ನಮಗೆಲ್ಲ ಪರಿಚಿತವಾದ ಜರ್ಮನ್ ಅಡ್ಡಹೆಸರೆಂದರೆ ಕಿಟ್ಟೆಲ್. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಮಹಾನಿಘಂಟುವಿನ ಕರ್ತೃ ಫರ್ಡಿನಾಂಡ್ ಕಿಟ್ಟೆಲರ ಹೆಸರು ಊರಿನಿಂದ ಬಂದುದಲ್ಲ. ಆ ಭಾಷೆಯಲ್ಲಿ ಕಿಟ್ಟೆಲ್ ಎಂದರೆ ಕೆಲಸದವರು ಮೇಲೆ ತೊಡುವ ಸಡಿಲವಾದ ನಿಲುವಂಗಿ. ಅದನ್ನು ತೊಡುತ್ತಿದ್ದವನಿಗೋ ಹೊಲಿಯುತ್ತಿದ್ದವನಿಗೋ ಒಂದು ಕಾಲಕ್ಕೆ ಆ ಹೆಸರು ಬಂದಿತು. ಜರ್ಮನಿಯಲ್ಲಿ ಅದು ಒಂದು ಅಂಗಿಯ ಹೆಸರು; ಧಾರವಾಡದಲ್ಲಿ ಒಂದು ಕಾಲೇಜಿನ ಹೆಸರು; ಕನ್ನಡ ಅಧ್ಯಾಪಕರ ಬಾಯಲ್ಲಿ “ಕಿಟ್ಟೆಲ್ ನೋಡು” ಎಂದರೆ ನಿಘಂಟನ್ನು ತೆರೆ ಎಂದರ್ಥ. ಹೆಸರುಗಳ ಯೋಗಾಯೋಗವನ್ನು ಯಾರು ಬಲ್ಲರು!

ಇನ್ನು ಎಣಿಕೆಯ ವಿಷಯ. ಒಂದು ಅಡ್ಡಹೆಸರು ಎಷ್ಟು ವಿರಳವೆಂದು ತಿಳಿಯುವ ಬಗೆ ಹೇಗೆ? ಅಮೇರಿಕದಲ್ಲಿ ಜನಗಣತಿಯ ಇಲಾಖೆಯೇ ಅಡ್ಡಹೆಸರುಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಅಲ್ಲಿಯ 2010ರ ಪಟ್ಟಿಯಲ್ಲಿ ನೂರು ಅಥವಾ ಹೆಚ್ಚು ಜನರಿಗಿದ್ದ ಹೆಸರುಗಳು 1,62,253. ಅವುಗಳಲ್ಲಿ ನಮ್ಮ ಗುಜರಾತಿನ ಪಟೇಲ್ ಎಂಬುದು ಮೊದಲ ನೂರರೊಳಗೆ ಸೇರಿತ್ತು. ಜರ್ಮನಿಯ ವಿದ್ವಾಂಸರು 2005ರ ದೂರವಾಣಿ ಗ್ರಾಹಕರ ಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಅಡ್ಡಹೆಸರುಗಳ ಭೂಪಟವನ್ನೇ ರಚಿಸಿದ್ದಾರೆ. ಭಾರತದ ಜನಗಣತಿಯು ಅಡ್ಡಹೆಸರುಗಳ ಕೋಷ್ಟಕವನ್ನು ಪ್ರಕಟಿಸುವುದಿಲ್ಲ. ಇಂಥ ಹೆಸರಿನವರು ಇಷ್ಟು ಸಾವಿರವೆಂದು ಅಲ್ಲಲ್ಲಿ ಕಾಣಸಿಗುವ ಅಂಕಿಗಳು ಅಂದಾಜುಗಳೇ ಹೊರತು ಲೆಕ್ಕವಲ್ಲ. ನಮಗೆ ದೊರೆಯುವ ಸಾಧನಗಳೆಂದರೆ ಮತದಾರರ ಯಾದಿ, ಹಳೆಯ ದೂರವಾಣಿ ಪುಸ್ತಕ, ಶಾಲೆಯ ಜನರಲ್ ರಜಿಸ್ಟರ್. ಮತದಾರರ ಯಾದಿಯಲ್ಲಿ ಮಕ್ಕಳಿಲ್ಲ. ದೂರವಾಣಿ ಪುಸ್ತಕದಲ್ಲಿ ಬಡವರಿಲ್ಲ. ಶಾಲೆಯ ರಜಿಸ್ಟರಿನಲ್ಲಿ ಶಾಲೆಗೆ ಬಂದವರಷ್ಟೇ ಇದ್ದಾರೆ. ಒಂದೊಂದು ಸಾಧನವೂ ಒಂದೊಂದು ಬಗೆಯಲ್ಲಿ ಕುರುಡು. ಒಂದೇ ಹೆಸರನ್ನು ನಾಲ್ಕು ವಿಧವಾಗಿ ಬರೆಯುವ ಗುಮಾಸ್ತರ ಕೈವಾಡ ಬೇರೆ.

ಎಣಿಸುವವರು ಸಂಖ್ಯೆಯನ್ನು ಮಾತ್ರ ಬರೆದರೆ ಸಾಲದು, ಲಕ್ಷಕ್ಕೆ ಎಷ್ಟು ಎಂಬ ಪ್ರಮಾಣವನ್ನು ತೆಗೆಯಬೇಕು. ಇಲ್ಲವಾದರೆ ದೊಡ್ಡ ನಗರದಲ್ಲಿ ಎಲ್ಲ ಹೆಸರುಗಳೂ ಹೆಚ್ಚೆಂದೇ ತೋರುವುದು. ಪ್ರಮಾಣವನ್ನು ಭೂಪಟದ ಮೇಲೆ ಗುರುತಿಸಿದಾಗ ಒಂದು ವಿಚಿತ್ರ ಕಾಣುತ್ತದೆ. ಕಸುಬಿನಿಂದಲೋ ಉಡಿಗೆಯಿಂದಲೋ ಹುಟ್ಟಿದ ಹೆಸರು ಎಲ್ಲಿ ದಟ್ಟವಾಗಿದೆಯೋ ಅಲ್ಲಿಯೇ ಅದರ ತವರು ಇರುವ ಸಂಭವ ಹೆಚ್ಚು. ಊರಿನಿಂದಲೋ ನಾಡಿನಿಂದಲೋ ಹುಟ್ಟಿದ ಹೆಸರು ತವರಿನಲ್ಲಿ ಬರಿದಾಗಿದ್ದು ಸುತ್ತಲೂ ಬಳೆಯಂತೆ ಹರಡಿಕೊಂಡಿರುತ್ತದೆ. ಕರ್ನಾಟಕಿಯನ್ನು ಕೊಲ್ಹಾಪುರ, ಪುಣೆ, ಮುಂಬಯಿಗಳಲ್ಲಿ ಹುಡುಕಬೇಕು. ಬೆಂಗಳೂರಿನಲ್ಲಿ ಹುಡುಕಿ ಸಿಗಲಿಲ್ಲವೆಂದರೆ ತಪ್ಪು ಹುಡುಕಿದವರದು.

ವಿರಳವಾದ ಹೆಸರು ಕಾಲಕ್ರಮದಲ್ಲಿ ಅಳಿದು ಹೋಗುವುದಕ್ಕೆ ಯಾರ ದೋಷವೂ ಬೇಕಾಗಿಲ್ಲ. ಈ ಸಂಗತಿಯನ್ನು ಗಣಿತದಿಂದ ತೋರಿಸಬಹುದು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬವರು 1873ರಲ್ಲಿ ಪತ್ರಿಕೆಯೊಂದರ ಮೂಲಕ ಈ ಪ್ರಶ್ನೆಯನ್ನು ಒಡ್ಡಿದರು. ಹೆನ್ರಿ ವಿಲಿಯಂ ವಾಟ್ಸನ್ ಎಂಬ ಪಾದ್ರಿಗಳು ಉತ್ತರಿಸಿದರು. ನಮ್ಮ ವಿದ್ಯಾರ್ಥಿಗಳು ಅದನ್ನು ಎರಡು ನಾಣ್ಯಗಳಿಂದ ಆಡಿ ನೋಡಬಹುದು. ಹೆಸರು ಗಂಡುಮಕ್ಕಳಿಂದ ಮುಂದುವರಿಯುವುದೆಂದು ಹಿಡಿಯಿರಿ. ಒಬ್ಬನಿಗಾಗಿ ಎರಡು ನಾಣ್ಯಗಳನ್ನು ಚಿಮ್ಮಿರಿ. ಎಷ್ಟು ರಾಜಮುಖ ಬೀಳುವುದೋ ಅವನಿಗೆ ಅಷ್ಟು ಗಂಡುಮಕ್ಕಳು. ಆ ಮಕ್ಕಳಲ್ಲಿ ಒಬ್ಬೊಬ್ಬನಿಗೂ ಮತ್ತೆ ಎರಡು ನಾಣ್ಯ. ಸರಾಸರಿ ಒಬ್ಬ ಮಗನೆಂದ ಮೇಲೆ ಹೆಸರು ಹೆಚ್ಚಲೂ ಬಾರದು, ಕುಗ್ಗಲೂ ಬಾರದು ಎಂದು ನಮಗೆ ತೋರುತ್ತದೆ. ನಡೆಯುವುದು ಬೇರೆ. ಒಬ್ಬೊಬ್ಬನಿಂದ ಪ್ರಾರಂಭವಾದ ನೂರು ಹೆಸರುಗಳಲ್ಲಿ ಮೊದಲ ತಲೆಮಾರಿಗೇ ಸುಮಾರು 25, ಎರಡನೆಯದಕ್ಕೆ ಒಟ್ಟು 39, ಮೂರನೆಯದಕ್ಕೆ 48, ಐದನೆಯದಕ್ಕೆ 60 ಹೆಸರುಗಳು ಅಳಿದಿರುತ್ತವೆ. ಜನರ ಒಟ್ಟು ಸಂಖ್ಯೆ ಅಷ್ಟೇ ಇರುತ್ತದೆ. ಉಳಿದ ಹೆಸರುಗಳು ಮಾತ್ರ ದಪ್ಪವಾಗುತ್ತವೆ. ಹತ್ತನೆಯ ಇಯತ್ತೆಯವರು ಅಳಿಯುವ ಸಂಭವನೀಯತೆಗೆ ಒಂದನ್ನು ಕೂಡಿಸಿ, ವರ್ಗಮಾಡಿ, ನಾಲ್ಕರಿಂದ ಭಾಗಿಸುತ್ತ ಹೋದರೆ ಈ ಅಂಕಿಗಳು ತಾವಾಗಿ ಬರುವುವು. ಸೊನ್ನೆಯಿಂದ ಪ್ರಾರಂಭಿಸಬೇಕು. ವಾಟ್ಸನ್ನರು ಎಲ್ಲ ಹೆಸರುಗಳೂ ಒಂದಲ್ಲ ಒಂದು ದಿನ ಅಳಿಯಲೇಬೇಕೆಂದು ತೀರ್ಮಾನಿಸಿಬಿಟ್ಟರು, ಅದು ತಪ್ಪು. ಗಂಡುಮಕ್ಕಳ ಸರಾಸರಿ ಒಂದಕ್ಕಿಂತ ಹೆಚ್ಚಿದ್ದರೆ ಕೆಲವು ಹೆಸರುಗಳಿಗೆ ಉಳಿಗಾಲವುಂಟು. ಫ್ರಾನ್ಸಿನ ಬಿಯೆನೇಮೆ ಎಂಬ ಗಣಿತಜ್ಞರು 1845ರಲ್ಲಿಯೇ ಸರಿಯಾದ ಉತ್ತರವನ್ನು ಹೇಳಿದ್ದರು.

ಹೆಸರುಗಳು ಸಂತಾನವಿಲ್ಲದೆ ಅಳಿಯುವುದು ಹಾಗಿರಲಿ. ಸಂತಾನವಿದ್ದೂ ಅಳಿಯುವ ಬಗೆಯೊಂದುಂಟು. ನಮ್ಮ ಓದುಗರಿಗೆ ಸಂಬಂಧಿಸಿದುದು ಅದೇ. ಮೈಸೂರಿನ ಕಡೆ ಊರಿನ ಹೆಸರು ಮುಂದೆ ಬರುತ್ತದೆ, ಅದೂ ಒಂದೇ ಅಕ್ಷರವಾಗಿ. ಕೆ. ವಿ. ಪುಟ್ಟಪ್ಪ ಎಂಬಲ್ಲಿ ‘ಕೆ’ ಎಂದರೆ ಕುಪ್ಪಳಿ. ಕರಾವಳಿಯವರು ಊರನ್ನು ಮುಂದೆಯೇ ಇಟ್ಟರೂ ಪೂರ್ತಿಯಾಗಿ ಬರೆಯುತ್ತಿದ್ದರು. ಕಾರ್ನಾಡ ಸದಾಶಿವರಾಯರು ಹೀಗೆ; ಪುಣೆಯ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದಕ್ಕೆ ಯಾರ ಹೆಸರಿದೆಯೋ ಆ ಡಾ. ಕಲ್ಮಾಡಿ ಶಾಮರಾಯರೂ ಹೀಗೆ. ಕಲ್ಮಾಡಿಯು ಉಡುಪಿಯ ಬಳಿ, ಮಲ್ಪೆಯ ಸಮೀಪದ ಊರು. ಮುಂದಿನ ಪೀಳಿಗೆಯಲ್ಲಿ ಊರು ಹೆಸರಿನ ಮುಂದಿನಿಂದ ಹಿಂದಕ್ಕೆ ಬಂದಿತು, ಆದರೆ ಉಳಿಯಿತು. ಒಂದಕ್ಷರವಾಗಿ ಬಂದವರ ಊರು ಉಳಿಯುವುದು ಕಷ್ಟ.

ಕೆಲವು ವರ್ಷಗಳ ಹಿಂದೆ ತುಮಕೂರಿನ ಕಡೆಯ ಕುಟುಂಬವೊಂದು ಈ ನಗರಕ್ಕೆ ಬಂದಿತು. ಅಣ್ಣನನ್ನು ಒಂದು ಶಾಲೆಗೆ, ತಂಗಿಯನ್ನು ಇನ್ನೊಂದು ಶಾಲೆಗೆ ಸೇರಿಸಿದರು. ಪ್ರವೇಶಪತ್ರದಲ್ಲಿ ಮೂರು ಕೋಣೆಗಳು: ಆಡನಾವ, ಸ್ವಂತ ಹೆಸರು, ತಂದೆಯ ಹೆಸರು. ತಂದೆಯವರಿಗೆ ಆಡನಾವವೆಂದರೇನೆಂದು ತಿಳಿಯಲಿಲ್ಲ. ಒಂದು ಕಡೆಯ ಗುಮಾಸ್ತರು ತಂದೆಯ ಹೆಸರನ್ನೇ ಆಡನಾವವಾಗಿ ಬರೆದುಕೊಂಡರು. ಇನ್ನೊಂದು ಕಡೆಯವರು ಹೆಸರಿನ ಮುಂದಿದ್ದ ‘ಎಚ್’ ಎಂಬ ಅಕ್ಷರವನ್ನೇ ಆಡನಾವದ ಕೋಣೆಗೆ ತಳ್ಳಿದರು. ಶಾಲಾಂತ ಪರೀಕ್ಷೆಯ ಅರ್ಜಿಯನ್ನು ತುಂಬುವ ವೇಳೆಗೆ ಒಂದೇ ತಾಯಿಯ ಮಕ್ಕಳು ಎರಡು ಮನೆತನದವರಾಗಿದ್ದರು. ತಿದ್ದುಪಡಿಗಾಗಿ ಪ್ರತಿಜ್ಞಾಪತ್ರ, ರಾಜಪತ್ರದಲ್ಲಿ ಪ್ರಕಟಣೆ, ಮತ್ತೆ ಮತ್ತೆ ಕಚೇರಿಯ ಮೆಟ್ಟಿಲು. ಆ ಓಡಾಟದಲ್ಲಿ ನಾವೂ ಒಂದೆರಡು ಸಲ ಜೊತೆಗಿದ್ದೆವು. ಅಷ್ಟಾದ ಮೇಲೆ ‘ಎಚ್’ ಎಂದರೇನು ಎಂದು ನಾವು ಆ ಹುಡುಗಿಯನ್ನು ಕೇಳಿದೆವು. ಅವಳಿಗೆ ಗೊತ್ತಿರಲಿಲ್ಲ. ಅಣ್ಣನಿಗೂ ಗೊತ್ತಿರಲಿಲ್ಲ. ತಂದೆಯವರು ಹೊಸಹಳ್ಳಿ ಎಂದರು. ಆದರೆ ಯಾವ ತಾಲ್ಲೂಕಿನ ಹೊಸಹಳ್ಳಿ ಎಂಬುದನ್ನು ಹೇಳಬಲ್ಲವರು ಅಜ್ಜ ಮಾತ್ರ, ಅಜ್ಜನು ಆಗಲೇ ಇರಲಿಲ್ಲ. ಕನ್ನಡನಾಡಿನಲ್ಲಿ ಹೊಸಹಳ್ಳಿಗಳಿಗೆ ಬರಗಾಲವಿಲ್ಲವೆಂಬುದನ್ನು ಬಲ್ಲವರಿಗೆ ಅಲ್ಲಿ ಏನು ಕಳೆದುಹೋಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

2024ರ ಮೇ 1ರಿಂದ ಈಚೆಗೆ ಹುಟ್ಟಿದ ಮಕ್ಕಳ ಸರಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವನ್ನು ಮಹಾರಾಷ್ಟ್ರ ಸರಕಾರವು ಗೊತ್ತುಪಡಿಸಿದೆ. ತಾಯಿಗೆ ಸ್ಥಾನ ದೊರೆತುದು ಸಂತೋಷದ ಮಾತು. ನಾಲ್ಕನೆಯ ಕೋಣೆ ಮಾತ್ರ ಇದ್ದೇ ಇದೆ. ಅದರಲ್ಲಿ ಏನನ್ನು ಬರೆಯಬೇಕೆಂಬುದನ್ನು ಮನೆಯವರೇ ಮೊದಲು ನಿಶ್ಚಯಿಸಬೇಕು, ಗುಮಾಸ್ತರಿಗೆ ಬಿಡಬಾರದು.

ಈ ವರ್ಷದ ದೀಪಾವಳಿಯ ರಜೆಗಾಗಿ ನಾವು ಗ್ರಂಥಾಲಯದ ಮೇಜಿನ ಮೇಲೆ ಒಂದು ಉದ್ದನೆಯ ವಹಿಯನ್ನು ಇಟ್ಟಿದ್ದೇವೆ. ಅದರಲ್ಲಿ ಐದು ಅಂಕಣಗಳಿವೆ: ಅಡ್ಡಹೆಸರು ಅಥವಾ ಹೆಸರಿನ ಮುಂದಿನ ಅಕ್ಷರ, ಅದು ಸೂಚಿಸುವ ಊರು, ಆ ಊರಿನ ತಾಲ್ಲೂಕು, ಅಲ್ಲಿಂದ ಮೊದಲು ಹೊರಟವರು ಯಾರು, ಇದನ್ನು ಹೇಳಿದ ಹಿರಿಯರು ಯಾರು. ಊರಿನಿಂದ ಬಾರದ ಹೆಸರಾದರೆ ಎರಡನೆಯ ಅಂಕಣವನ್ನು ಹಾಗೆಯೇ ಬಿಡಬಹುದು. ಮೂರನೆಯದನ್ನು ಮಾತ್ರ ಯಾರೂ ಬಿಡಕೂಡದು. ಊಹೆಯಿಂದ ಬರೆದವರು ‘ಊಹೆ’ ಎಂದು ಪಕ್ಕದಲ್ಲಿ ನಮೂದಿಸಬೇಕು. ಇಂಡಿಯ ಹುಡುಗನು ಮೊದಲ ಸಾಲನ್ನು ಆಗಲೇ ತುಂಬಿದ್ದಾನೆ. ಮುತ್ತಜ್ಜನು ಸೊಲ್ಲಾಪುರದ ಗಿರಣಿಗೆ ಕೆಲಸಕ್ಕೆ ಬಂದವನಂತೆ, ಹೇಳಿದವರು ಅಜ್ಜಿ.